ಹಳೇ ಮಳೆ ಲೆಕ್ಕ ಬೇಕಾದವರಿಗೆ

ನಮ್ಮ ಕಡೆ ಹಿಂದೆ ಎಷ್ಟು ಮಳೆ ಬೀಳ್ತಿತ್ತು ಅಂತ ತಿಳಿಯೋಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ ವೆಬ್‌ಸೈಟಲ್ಲಿ 1901ರಿಂದ ಈಚೆಗಿನ ದಿನವಹಿ ಮಳೆ ದತ್ತಾಂಶ ಉಚಿತವಾಗಿ ಸಿಗುತ್ತೆ, ವರ್ಷಕ್ಕೊಂದು ಫೈಲ್. ಉಷ್ಣಾಂಶದ್ದು 1951ರಿಂದ. ಫೈಲ್ ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಲ್ಲ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಗೊತ್ತಿರೋ ಹುಡುಗರಿದ್ದರೆ, ಅದರಲ್ಲಿ ಈ ಫೈಲ್ ಓದೋಕೆ ಇರೋ 'ಐಎಂಡಿಲಿಬ್' ಬಳಸಿ ತೆಗೆದುಕೊಡಿ ಅನ್ನಿ, ಅವರಿಗೆ ಅರ್ಥ ಆಗುತ್ತೆ.

ಆದರೆ ಈ ಮಳೆ ದತ್ತಾಂಶ ಅಕ್ಷಾಂಶ-ರೇಖಾಂಶದ 0.25 ಡಿಗ್ರಿ ಚೌಕದ ಲೆಕ್ಕ. ಅಂದರೆ ಸುಮಾರು 25 ಕಿಲೋಮೀಟರ್ ಉದ್ದಗಲಕ್ಕೆ ಒಂದೇ ಅಂಕಿ. ಬಯಲುಸೀಮೆಯಲ್ಲಿ ಪರವಾಗಿಲ್ಲ, ಘಟ್ಟದ ಅಂಚಿನವರು ಇದನ್ನೇ ನಂಬಿ ತೋಟದ ಲೆಕ್ಕ ಹಾಕಬೇಡಿ. ಗುಡ್ಡದ ಆ ಕಡೆ ಸುರಿದದ್ದು ಈ ಕಡೆ ಇರಲ್ಲ. ನಿರ್ದಿಷ್ಟ ಮಾಪನ ಕೇಂದ್ರದ ದಾಖಲೆಯೇ ಬೇಕಿದ್ದರೆ ಪುಣೆಯ ದತ್ತಾಂಶ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಈಚಿನ ವರ್ಷಗಳದ್ದು ಸಾಕು ಅನ್ನೋರಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ಮೇಲು, ಅವರ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ.

ಮನೆಯಲ್ಲೇ ಮಳೆ ಅಳೆಯುವವರು ಹೋಲಿಸಿ ನೋಡುವಾಗ ಒಂದು ನೆನಪಿಡಿ. ಇಲಾಖೆಯಲ್ಲಿ ಒಂದು ದಿನಾಂಕದ ಮಳೆ ಅಂದರೆ ಹಿಂದಿನ ದಿನ ಬೆಳಿಗ್ಗೆ 8:30ರಿಂದ ಆ ದಿನ ಬೆಳಿಗ್ಗೆ 8:30ರವರೆಗೆ ಬಿದ್ದದ್ದು.