ರಗ್ಬಿ ವಿಶ್ವಕಪ್ ಯಾರಿಗೆ? ನಾನು ಲೆಕ್ಕ ಹಾಕುವ ಕ್ರಮ

ಮೊದಲು ಡ್ರಾ (ಯಾವ ತಂಡ ಯಾವ ಗುಂಪಿಗೆ ಎಂಬ ಹಂಚಿಕೆ) ನೋಡುತ್ತೇನೆ, ತಂಡಗಳ ಬಲಾಬಲ ಆಮೇಲೆ. 2023ರ ಫ್ರಾನ್ಸ್ ವಿಶ್ವಕಪ್ ಇದಕ್ಕೆ ಅತ್ಯುತ್ತಮ ಪಾಠ. ಅದರ ಗುಂಪುಗಳನ್ನು 2020ರ ಡಿಸೆಂಬರ್‌ನಲ್ಲೇ ಹಂಚಿದ್ದರು, ಅದೂ ಆ ವರ್ಷದ ಜನವರಿ 1ರ ರ‍್ಯಾಂಕಿಂಗ್ ಹಿಡಿದು. ಟೂರ್ನಿ ಶುರುವಾಗುವ ಹೊತ್ತಿಗೆ ಮೊದಲ ಐದು ಸ್ಥಾನದಲ್ಲಿದ್ದ ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್, ಸ್ಕಾಟ್ಲೆಂಡ್ ಎಲ್ಲವೂ ಎ ಮತ್ತು ಬಿ ಗುಂಪಿನಲ್ಲಿದ್ದವು. ಕ್ವಾರ್ಟರ್ ಫೈನಲ್‌ನಲ್ಲಿ ಈ ಎರಡು ಗುಂಪಿನವರೇ ಪರಸ್ಪರ ಆಡಬೇಕಿತ್ತು. ಹಾಗಾಗಿ ಐದರಲ್ಲಿ ಎರಡಕ್ಕೆ ಮಾತ್ರ ಸೆಮಿಫೈನಲ್ ಸಾಧ್ಯವಿತ್ತು. ಇದು ಒಂದು ಪಂದ್ಯವೂ ನಡೆಯುವ ಮೊದಲೇ ಗೊತ್ತಿದ್ದ ಸಂಗತಿ.

ಬಲಾಬಲಕ್ಕೆ ಈ ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ಅಧಿಕೃತ ರೇಟಿಂಗ್ ಸಾಕು. ಅದು 0ರಿಂದ 100ರ ಅಳತೆಯದು. ಪಂದ್ಯವಾದ ಮೇಲೆ ಸೋತವರಿಂದ ಎಷ್ಟು ಕಡಿತವೋ ಗೆದ್ದವರಿಗೆ ಅಷ್ಟೇ ಸೇರುತ್ತದೆ. ಸಮಬಲದ ತಂಡಗಳ ನಡುವೆ ಗೆದ್ದವರಿಗೆ 1; 15ಕ್ಕಿಂತ ಹೆಚ್ಚು ಪಾಯಿಂಟ್ ಅಂತರದ ಗೆಲುವಾದರೆ ಒಂದೂವರೆ ಪಟ್ಟು; ವಿಶ್ವಕಪ್ ಪಂದ್ಯವಾದರೆ ಅದರ ದುಪ್ಪಟ್ಟು. ತವರಿನ ತಂಡವನ್ನು 3 ರೇಟಿಂಗ್ ಹೆಚ್ಚೆಂದು ಎಣಿಸುತ್ತಾರೆ. ಅಂತರ 10 ದಾಟಿದ್ದರೆ ಬಲವಾದ ತಂಡ ಗೆದ್ದರೂ ಏನೂ ಸಿಗದು.

ಈ ರೇಟಿಂಗ್ ಅಂತರವನ್ನು ಮೈದಾನದ ಪಾಯಿಂಟ್‌ಗೆ ತಿರುಗಿಸಲು ನಾನು 1.5ರಿಂದ ಗುಣಿಸುತ್ತೇನೆ. 10 ರೇಟಿಂಗ್ ಅಂತರವಿದ್ದರೆ 15 ಪಾಯಿಂಟ್ ಗೆಲುವಿನ ನಿರೀಕ್ಷೆ. ನಿಜವಾದ ಫಲಿತಾಂಶ ಆ ನಿರೀಕ್ಷೆಯ ಎರಡೂ ಬದಿಗೆ ಚದುರುತ್ತದೆ. ಆ ಚದುರುವಿಕೆಗೆ (ಸ್ಟ್ಯಾಂಡರ್ಡ್ ಡೀವಿಯೇಷನ್) 12 ಇಟ್ಟುಕೊಂಡಿದ್ದೇನೆ. ನಿರೀಕ್ಷಿತ ಅಂತರವನ್ನು 12ರಿಂದ ಭಾಗಿಸಿ ಎಕ್ಸೆಲ್‌ನ ನಾರ್ಮಲ್ ಡಿಸ್ಟ್ರಿಬ್ಯೂಷನ್ ಸೂತ್ರಕ್ಕೆ ಕೊಟ್ಟರೆ ಗೆಲುವಿನ ಸಾಧ್ಯತೆ ಬರುತ್ತದೆ.

ಫ್ರಾನ್ಸ್–ದಕ್ಷಿಣ ಆಫ್ರಿಕಾ ಕ್ವಾರ್ಟರ್ ಫೈನಲ್ ತೆಗೆದುಕೊಳ್ಳಿ. ಟೂರ್ನಿ ಶುರುವಾಗುವ ಹೊತ್ತಿನ ಲೆಕ್ಕದಲ್ಲಿ ಫ್ರಾನ್ಸ್ ಸುಮಾರು 2 ರೇಟಿಂಗ್ ಹಿಂದೆ, ತವರಿಗೆ 3 ಸೇರಿಸಿದರೆ 1 ಮುಂದೆ. ಅಂದರೆ 1.5 ಪಾಯಿಂಟ್, ಭಾಗಿಸಿದರೆ 0.125, ಸಾಧ್ಯತೆ ಶೇ 55. ಪಂದ್ಯ ಮುಗಿದದ್ದು 28–29ಕ್ಕೆ. ಇಂಥ ಫಲಿತಾಂಶ ಕಂಡು ಲೆಕ್ಕ ತಪ್ಪಿತೆಂದು ಸೂತ್ರ ತಿದ್ದಬಾರದು. ದಕ್ಷಿಣ ಆಫ್ರಿಕಾ ಆಮೇಲೆ ಇಂಗ್ಲೆಂಡನ್ನು 16–15ರಿಂದ, ಫೈನಲ್‌ನಲ್ಲಿ ನ್ಯೂಜಿಲೆಂಡನ್ನು 12–11ರಿಂದ ಸೋಲಿಸಿತು. ಮೂರು ನಾಕೌಟ್ ಪಂದ್ಯ, ಮೂರರಲ್ಲೂ ಒಂದೇ ಪಾಯಿಂಟ್. ಇದನ್ನು ಮೊದಲೇ ಹೇಳಬಲ್ಲ ಲೆಕ್ಕ ಯಾವುದೂ ಇಲ್ಲ. ಆದ್ದರಿಂದ ‘ಇವರೇ ಗೆಲ್ಲುತ್ತಾರೆ’ ಎಂಬ ಒಂದು ಹೆಸರಿನ ಉತ್ತರವನ್ನು ನಾನು ಕೊಡುವುದಿಲ್ಲ, ಪ್ರತಿ ಹಂತಕ್ಕೂ ಪ್ರತಿ ತಂಡದ ಶೇಕಡಾವಾರು ಕೊಡುತ್ತೇನೆ.

ಹಂತ ಬೇರೆಯಾದರೆ ಉತ್ತರವೂ ಬೇರೆ. ಇಂಗ್ಲೆಂಡ್ ಆ ಆಗಸ್ಟ್‌ನಲ್ಲಿ ತವರಿನ ಟ್ವಿಕೆನ್‌ಹ್ಯಾಮ್‌ನಲ್ಲೇ ಫಿಜಿಗೆ 22–30ರಿಂದ ಸೋತಿತ್ತು. ಆದರೂ ಡಿ ಗುಂಪು ಹಗುರ, ಕ್ವಾರ್ಟರ್‌ನಲ್ಲೂ ಸಮಬಲದ ಎದುರಾಳಿ. ಹಾಗಾಗಿ ಸೆಮಿಫೈನಲ್ ತಲುಪುವ ಅದರ ಸಾಧ್ಯತೆ ಅಗ್ರಸ್ಥಾನದ ಐರ್ಲೆಂಡ್‌ಗಿಂತ ತೀರಾ ಕಡಿಮೆಯೇನಿರಲಿಲ್ಲ. ಕಪ್ ಗೆಲ್ಲುವ ಸಾಧ್ಯತೆ ಮಾತ್ರ ಅತ್ಯಲ್ಪ. ಆದದ್ದೂ ಹಾಗೆಯೇ: ಐರ್ಲೆಂಡ್ 24–28ರಿಂದ ನ್ಯೂಜಿಲೆಂಡ್‌ಗೆ ಸೋತು ಕ್ವಾರ್ಟರ್‌ನಲ್ಲೇ ಹೊರಬಿತ್ತು, ಇಂಗ್ಲೆಂಡ್ ಸೆಮಿಫೈನಲ್ ಆಡಿತು.

ಇಡೀ ಟೂರ್ನಿಗೆ ಕೈಲೆಕ್ಕ ಸಾಲದು. ಶೀಟ್‌ನಲ್ಲಿ ಒಂದು ಸಾಲು ಅಂದರೆ, ಮೇಲಿನ ಚದುರುವಿಕೆಯಂತೆ ಯಾದೃಚ್ಛಿಕ ಫಲಿತಾಂಶ ಹಾಕಿ ಆಡಿಸಿದ ಒಂದು ಇಡೀ ವಿಶ್ವಕಪ್. 2023ಕ್ಕಾದರೆ 48 ಪಂದ್ಯ. ಇಂಥ 10,000 ಸಾಲು ಓಡಿಸುತ್ತೇನೆ. 1,000 ಸಾಲಿನಲ್ಲಿ ಶೇ 20ರ ಉತ್ತರ ಒಂದೂಕಾಲು ಶೇಕಡಾ ಅಂಶದಷ್ಟು ಅಲುಗಾಡುತ್ತದೆ; 10,000ದಲ್ಲಿ ಅರ್ಧ ಅಂಶವೂ ಇಲ್ಲ.

ಇಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ರೇಟಿಂಗೇ ಅಂದಾಜು. ಹಾಗಾಗಿ ಪ್ರತಿ ಸಾಲಿನ ಆರಂಭದಲ್ಲಿ ಪ್ರತಿ ತಂಡದ ರೇಟಿಂಗನ್ನು 2ರ ಚದುರುವಿಕೆಯಲ್ಲಿ ಮೇಲೆ-ಕೆಳಗೆ ಸರಿಸಿ, ಆ ಸಾಲು ಮುಗಿಯುವವರೆಗೆ ಅದನ್ನೇ ಉಳಿಸಬೇಕು. 2 ರೇಟಿಂಗ್ ಅಂದರೆ 3 ಪಾಯಿಂಟ್. ಎರಡು ತಂಡಕ್ಕೆ ವರ್ಗಗಳ ಮೊತ್ತ 18. ಅದನ್ನು 12ರ ವರ್ಗವಾದ 144ರಿಂದ ಕಳೆದರೆ 126, ಅದರ ವರ್ಗಮೂಲ 11.2. ಪಂದ್ಯದ ಚದುರುವಿಕೆಗೆ 12ರ ಬದಲು ಈ 11.2 ಹಾಕದಿದ್ದರೆ ಅನಿಶ್ಚಿತತೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಗುಂಪು ಹಂತದಲ್ಲಿ ಗೆಲುವಿಗೆ 4 ಅಂಕ, ಪಂದ್ಯ ಸಮವಾದರೆ 2, ನಾಲ್ಕು ಟ್ರೈಗೆ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) ಬೋನಸ್ 1, ಏಳು ಅಥವಾ ಅದಕ್ಕಿಂತ ಕಡಿಮೆ ಪಾಯಿಂಟ್‌ನಿಂದ ಸೋತರೂ 1. ಟ್ರೈಗಳನ್ನು ಬೇರೆ ಲೆಕ್ಕ ಹಾಕುವ ಬದಲು ಎರಡೂ ತಂಡದ ಒಟ್ಟು ಪಾಯಿಂಟ್ 50 ಎಂದಿಟ್ಟು ಅಂತರದ ಪ್ರಕಾರ ಹಂಚುತ್ತೇನೆ. 27 ಮುಟ್ಟಿದ ತಂಡಕ್ಕೆ ನಾಲ್ಕು ಟ್ರೈಯ ಬೋನಸ್. ಒರಟು ಲೆಕ್ಕವೇ, ಆದರೂ ಬೋನಸ್ ಬಿಡುವುದಕ್ಕಿಂತ ಎಷ್ಟೋ ಮೇಲು. 2023ರ ಸಿ ಗುಂಪಿನಲ್ಲಿ ಫಿಜಿ ಕೊನೆಯ ಪಂದ್ಯದಲ್ಲಿ ಪೋರ್ಚುಗಲ್‌ಗೆ 23–24ರಿಂದ ಸೋತರೂ ಆ ಸೋಲಿನ ಬೋನಸ್ ಅಂಕದಿಂದ ಆಸ್ಟ್ರೇಲಿಯಾದ 11ಕ್ಕೆ ಸಮನಾಯಿತು. ಆಸ್ಟ್ರೇಲಿಯಾವನ್ನು 22–15ರಿಂದ ಸೋಲಿಸಿದ್ದರಿಂದ ಮುಂದೆ ಹೋಯಿತು. ಕ್ರಿಕೆಟ್ ನೋಡಿ ಬೆಳೆದ ನಮಗೆ ಅಂಕ ಸಮವಾದರೆ ನೆಟ್ ರನ್‌ರೇಟ್ ನೆನಪಾಗುತ್ತದೆ. ಇಲ್ಲಿ ಮೊದಲು ನೋಡುವುದು ಅವರವರ ನಡುವಿನ ಪಂದ್ಯ. ಸೂತ್ರದಲ್ಲಿ ಈ ಕ್ರಮ ತಪ್ಪಿದರೆ ಸಿ ಗುಂಪಿನಂಥ ಬಿಗಿ ಗುಂಪಿನಲ್ಲಿ ತಪ್ಪು ತಂಡ ಮುಂದೆ ಹೋಗುತ್ತದೆ.

ರೇಟಿಂಗ್ ಅಂತರ 10 ದಾಟಿದಾಗ ಈ ಪದ್ಧತಿ ಸೋಲುತ್ತದೆ. ನ್ಯೂಜಿಲೆಂಡ್ ಇಟಲಿಯನ್ನು 96–17ರಿಂದ, ಫ್ರಾನ್ಸ್ ನಮೀಬಿಯಾವನ್ನು 96–0ಯಿಂದ ಸೋಲಿಸಿದವು. ದೊಡ್ಡ ಗೆಲುವಿಗೂ ರೇಟಿಂಗ್ ಏರದ ಕಾರಣ ಅದು ಮೇಲಿನವರನ್ನೂ ಕೆಳಗಿನವರನ್ನೂ ಹತ್ತಿರ ತೋರಿಸುತ್ತದೆ. ಅಲ್ಲಿ 10ರ ಆಚೆಗಿನ ಪ್ರತಿ ರೇಟಿಂಗ್‌ಗೆ 3 ಪಾಯಿಂಟ್ ಹಾಕುತ್ತೇನೆ. ಗೆಲ್ಲುವವರು ಬದಲಾಗುವುದಿಲ್ಲ, ಪಾಯಿಂಟ್ ವ್ಯತ್ಯಾಸ ಸರಿಹೋಗುತ್ತದೆ.

ತಂಡ ಪ್ರಕಟವಾದ ಮೇಲೆ ನಾನು ತಿದ್ದುವುದು ಎರಡೇ ಜಾಗಕ್ಕೆ: ಕಿಕ್ ಹೊಡೆಯುವ ಫ್ಲೈ-ಹಾಫ್ ಮತ್ತು ಲೈನ್‌ಔಟ್‌ನಲ್ಲಿ (ಬದಿಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆಸೆದು ಆಟ ಶುರುಮಾಡುವುದು) ಚೆಂಡೆಸೆಯುವ ಹುಕರ್. ದಕ್ಷಿಣ ಆಫ್ರಿಕಾ ಗಾಯಗೊಂಡ ಹುಕರ್ ಮಾಲ್ಕಮ್ ಮಾರ್ಕ್ಸ್ ಬದಲಿಗೆ ಫ್ಲೈ-ಹಾಫ್ ಹ್ಯಾಂಡ್ರೆ ಪೊಲ್ಲಾರ್ಡ್‌ರನ್ನು ಕರೆಸಿತು. ಫೈನಲ್‌ನ 12 ಪಾಯಿಂಟ್‌ಗಳೂ ಪೊಲ್ಲಾರ್ಡ್‌ರ ನಾಲ್ಕು ಪೆನಾಲ್ಟಿಗಳಿಂದಲೇ ಬಂದವು. ಆದರೆ ಅದೇ ಪಂದ್ಯದ ಆರಂಭದಲ್ಲೇ ಹುಕರ್ ಬೊಂಗಿ ಎಂಬೊನಾಂಬಿ ಗಾಯಗೊಂಡು ಹೊರಹೋದಾಗ ಲೈನ್‌ಔಟ್ ಸಡಿಲಾಯಿತು. ಇಂಥ ಗೈರಿಗೆ 1ರಿಂದ 2 ರೇಟಿಂಗ್ ಕಳೆಯುತ್ತೇನೆ, ಅದಕ್ಕಿಂತ ಹೆಚ್ಚಲ್ಲ; ಹೆಚ್ಚು ಕಳೆದರೆ ಲೆಕ್ಕದ ಜಾಗಕ್ಕೆ ನಮ್ಮ ಮನಸ್ಸಿನ ಒಲವು ಬಂದು ಕೂರುತ್ತದೆ. ರೆಡ್ ಕಾರ್ಡ್‌ಗೆ ಪ್ರತ್ಯೇಕ ಲೆಕ್ಕ ಬೇಡ, ಅದು ಚದುರುವಿಕೆಯೊಳಗೇ ಇದೆ.

2027ರ ಆಸ್ಟ್ರೇಲಿಯಾ ವಿಶ್ವಕಪ್‌ಗೆ ಶೀಟ್‌ನ ಚೌಕಟ್ಟೇ ಬೇರೆ. 24 ತಂಡ, ನಾಲ್ಕು ತಂಡಗಳ ಆರು ಗುಂಪು, 52 ಪಂದ್ಯ. ಮೊದಲ ಎರಡು ಸ್ಥಾನದವರ ಜೊತೆ ಮೂರನೇ ಸ್ಥಾನದ ಆರರಲ್ಲಿ ನಾಲ್ಕು ತಂಡಗಳೂ ಮುಂದೆ ಹೋಗುತ್ತವೆ. ಬೇರೆ ಬೇರೆ ಗುಂಪಿನವರನ್ನು ಹೋಲಿಸುವಾಗ ಪರಸ್ಪರ ಪಂದ್ಯ ಇರುವುದಿಲ್ಲ. ಹಾಗಾಗಿ ಬೋನಸ್ ಮತ್ತು ಪಾಯಿಂಟ್ ವ್ಯತ್ಯಾಸದ ಕಾಲಂಗಳನ್ನು ಈ ಸಲ ಇನ್ನಷ್ಟು ಎಚ್ಚರದಿಂದ ಕಟ್ಟಬೇಕು. ನಾಕೌಟ್‌ನಲ್ಲೂ ಒಂದು ಸುತ್ತು ಹೆಚ್ಚು: ಪ್ರತಿ ಪಂದ್ಯದಲ್ಲಿ ಶೇ 75 ಸಾಧ್ಯತೆಯಿರುವ ತಂಡ ಮೂರು ನಾಕೌಟ್ ದಾಟುವುದು ಶೇ 42, ನಾಲ್ಕು ದಾಟುವುದು ಶೇ 32.