ಎಫ್1, ಎಫ್1ಬಿ ಮತ್ತು ಸೋಫಾದ ಮೇಲಿನ ಕೂದಲು

ನಾವಿರುವ ಮೆಲ್ಬರ್ನ್‌ನಲ್ಲಿ ಗೋಲ್ಡನ್ ರಿಟ್ರೀವರ್ ಮತ್ತು ಪೂಡಲ್ ಬೆರೆತ ನಾಯಿಯನ್ನು ಗ್ರೂಡಲ್ ಎನ್ನುತ್ತಾರೆ. ನಾವು ತಂದ ಮೊದಲ ಗ್ರೂಡಲ್ ಮರಿಯ ಕಾಗದದಲ್ಲಿ ‘ಎಫ್2, ಕೂದಲು ಉದುರುವುದಿಲ್ಲ’ ಎಂದಿತ್ತು. ಕೋಲಾರದ ಕಡೆ ಟೊಮೆಟೊ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಆಗಲೇ ಅನುಮಾನ ಬರಬೇಕಿತ್ತು: ಎಫ್1 ಹೈಬ್ರಿಡ್ ಬೀಜದ ಗಿಡಗಳು ಒಂದೇ ಸಮನಾಗಿ ಬರುತ್ತವೆ, ಆ ಹಣ್ಣಿನಿಂದಲೇ ಬೀಜ ತೆಗೆದು ಬಿತ್ತಿದರೆ ಒಂದೊಂದು ಗಿಡ ಒಂದೊಂದು ರೀತಿ. ಐದು ತಿಂಗಳಾದರೂ ಮರಿಯ ಮೂತಿ ನುಣ್ಣಗೇ ಉಳಿಯಿತು, ಕಪ್ಪು ಸೋಫಾ ಮಾತ್ರ ದಿನವೂ ಬೆಳ್ಳಗಾಗುತ್ತಿತ್ತು.

ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಎಫ್1 ಎಂದರೆ ಶುದ್ಧ ಪೂಡಲ್‌ಗೂ ಶುದ್ಧ ರಿಟ್ರೀವರ್‌ಗೂ ಹುಟ್ಟಿದ್ದು. ಎರಡು ಎಫ್1 ನಾಯಿಗಳ ಮರಿ ಎಫ್2. ಎಫ್1 ನಾಯಿಯನ್ನು ಮತ್ತೆ ಪೂಡಲ್‌ಗೆ ಕೂಡಿಸಿದರೆ ಎಫ್1ಬಿ, ಅದರಲ್ಲಿ ಪೂಡಲ್ ಅಂಶ ಸುಮಾರು 75 ಶೇಕಡ. ಈ ಹೆಸರುಗಳು ವಂಶವನ್ನು ಹೇಳುತ್ತವೆಯೇ ಹೊರತು ತುಪ್ಪಳವನ್ನಲ್ಲ. ನಾಯಿಗಳ ತುಪ್ಪಳದ ವೈವಿಧ್ಯದಲ್ಲಿ ಬಹುಪಾಲು ಮೂರೇ ಜೀನ್‌ಗಳ ಕೆಲಸ ಎಂದು 2009ರಲ್ಲಿ ಗೊತ್ತಾಯಿತು: ಒಂದು ಗಡ್ಡಮೀಸೆಗೆ, ಒಂದು ಉದ್ದಕ್ಕೆ, ಒಂದು ಗುಂಗುರಿಗೆ. ಗಡ್ಡಮೀಸೆಯ ಜೀನ್ ಇದ್ದರೆ ಕೂದಲು ಉದುರುವುದೂ ಕಡಿಮೆ. ಗಡ್ಡಮೀಸೆಯ ಜೀನ್ ಪೂಡಲ್‌ನಲ್ಲಿ ಎರಡು ಪ್ರತಿ ಇರುತ್ತದೆ, ರಿಟ್ರೀವರ್‌ನಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ಎಫ್1 ಮರಿಗಳಿಗೆಲ್ಲ ಒಂದೊಂದು ಪ್ರತಿ ಸಿಕ್ಕಿ ಮೂತಿಯ ಮೇಲೆ ಕೂದಲು ಬೆಳೆಯುತ್ತದೆ. ಎಫ್2 ಮರಿಗೆ ಅದು ಒಂದೂ ಸಿಗದಿರುವ ಸಾಧ್ಯತೆ ನಾಲ್ಕರಲ್ಲೊಂದು. ನಮ್ಮದು ಆ ನಾಲ್ಕನೆಯದು. ರಿಟ್ರೀವರ್‌ನಂತೆಯೇ ಕೂದಲು ಉದುರಿಸುತ್ತದೆ.

ಎರಡನೆಯ ಮರಿಯನ್ನು ಆರಿಸುವಾಗ ಎಫ್1, ಎಫ್2 ಎಂಬ ಹೆಸರನ್ನು ಬದಿಗಿಟ್ಟು ತಂದೆತಾಯಿಗಳ ಡಿಎನ್‌ಎ ವರದಿಯನ್ನೇ ಕೇಳಿದೆ. ತಾಯಿ ಎಫ್1, ತಂದೆ ಪೂಡಲ್. ಅಲ್ಲಿಗೆ ಗಡ್ಡಮೀಸೆ ಖಚಿತವಾಯಿತು. ಗುಂಗುರಿನ ಜೀನ್ ತಾಯಿಯಲ್ಲಿ ಒಂದೇ ಪ್ರತಿ ಇದ್ದುದರಿಂದ ಮರಿ ಅಲೆಗೂದಲಿನದೋ ಸುರುಳಿಯದೋ ಎಂಬುದು ಮಾತ್ರ ಸಮಸಮ ಪಾಲು. ಅಲರ್ಜಿಯ ವಿಷಯದಲ್ಲಿ ಯಾವ ಮಾತನ್ನೂ ನಂಬಲಿಲ್ಲ. ಇದೇ ವಿಕ್ಟೋರಿಯಾ ರಾಜ್ಯದಲ್ಲಿ 1989ರಲ್ಲಿ ಅಂಧರ ಮಾರ್ಗದರ್ಶಿ ನಾಯಿಗಳ ಸಂಸ್ಥೆಯ ವಾಲಿ ಕಾನ್ರನ್ ಅವರು ಹವಾಯಿಯ ಅಂಧ ಮಹಿಳೆಯೊಬ್ಬರಿಗಾಗಿ ಲ್ಯಾಬ್ರಡಾರ್ ಮತ್ತು ಪೂಡಲ್ ಬೆರೆತ ಲ್ಯಾಬ್ರಡೂಡಲ್ ಮರಿಗಳನ್ನು ಹುಟ್ಟಿಸಿದಾಗ, ಒಂದೇ ಸೂಲಿನ ಆ ಮೂರು ಎಫ್1 ಮರಿಗಳಲ್ಲಿ ಆಕೆಯ ಪತಿಗೆ ಅಲರ್ಜಿ ತರದಿದ್ದದ್ದು ಒಂದೇ ಒಂದು. ಆದ್ದರಿಂದ ಧೂಳಿಗೆ ಸೀನುವ ನನ್ನ ಹೆಂಡತಿಯನ್ನು ಆ ಮರಿಯ ಜೊತೆ ಎರಡು ಸಂಜೆ ಕೂರಿಸಿ ನೋಡಿಯೇ ಮುಂಗಡ ಕೊಟ್ಟದ್ದು.

ಮರಿಗೆ ಬಂದದ್ದು ಸುರುಳಿ. ಕೂದಲು ಉದುರುವುದಿಲ್ಲವೆಂದರೆ ಉದುರಬೇಕಾದದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂಬತ್ತನೆಯ ತಿಂಗಳಲ್ಲಿ, ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ಹೊತ್ತಿಗೆ, ಮೇಲೆ ಮೇಲೆ ಬ್ರಷ್ ಆಡಿಸಿ ತೃಪ್ತನಾಗಿದ್ದೆ; ಕಿವಿಯ ಹಿಂದೆ ಬೆರಳಿಟ್ಟಾಗ ಚರ್ಮಕ್ಕಂಟಿ ಕಂಬಳಿಯಂತೆ ಗಟ್ಟಿಯಾದ ಪದರ ಸಿಕ್ಕಿತು. ಮೈಯೆಲ್ಲ ಬೋಳಿಸಬೇಕಾಯಿತು. ಈಗ ಕೂದಲನ್ನು ಬೈತಲೆಯಂತೆ ಗೆರೆಗೆರೆಯಾಗಿ ಸೀಳಿ, ಚರ್ಮ ಕಾಣುವಂತೆ ಬಿಡಿಸಿ, ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಇಳಿದರೆ ಮಾತ್ರ ಮುಂದಿನ ಗೆರೆಗೆ ಹೋಗುತ್ತೇನೆ.