ಒಂದು ಓವನ್, ಎರಡು ಕೋಳಿ, ಆರು ಜನ: ಲೀಡ್ಸ್‌ನ ಬಾಡಿಗೆ ಮನೆಯಲ್ಲಿ ಕ್ರಿಸ್‌ಮಸ್ ಊಟ

ಟರ್ಕಿ ಬೇಡ, ಎರಡು ಕೋಳಿ ಸಾಕು ಅಂದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ನಮ್ಮಲ್ಲಿದ್ದ ಒಬ್ಬನೇ ಇಂಗ್ಲಿಷ್ ಹುಡುಗ, ಯಾರ್ಕ್‌ಷೈರ್‌ನವನು, ‘ಟರ್ಕಿ ಇಲ್ಲದೆ ಎಂಥ ಕ್ರಿಸ್‌ಮಸ್’ ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದ. ಕಳೆದ ಡಿಸೆಂಬರ್ 25ರಂದು ಮೂರು ಗಂಟೆಗೆ, ಟಿವಿಯಲ್ಲಿ ರಾಜನ ಭಾಷಣ ಶುರುವಾಗುವ ಹೊತ್ತಿಗೆ, ಎಲ್ಲವೂ ಬಿಸಿಬಿಸಿಯಾಗಿ ಮೇಜಿನ ಮೇಲಿತ್ತು. ಎರಡನೇ ಸಲ ಬಡಿಸಿಕೊಂಡವರಲ್ಲಿ ಅವನೇ ಮೊದಲಿಗ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಟಿಕೆಟ್ ರೇಟ್ ನೋಡಿ ಇಲ್ಲೇ ಉಳಿಯುವ ನಮ್ಮವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಅದರ ಹಿಂದಿನ ವರ್ಷ ಇದೇ ಮನೆಯಲ್ಲಿ ಟರ್ಕಿ ಆಗಿತ್ತು. ಸುಮಾರು ಐದು ಕೆಜಿಯ ಫ್ರೋಜನ್ ಹಕ್ಕಿ, ಇಪ್ಪತ್ತು ಪೌಂಡ್ ಮೇಲೆ ಬಿದ್ದಿತ್ತು. ಫ್ರಿಜ್‌ನಲ್ಲಿಟ್ಟು ಕರಗಿಸಲು ಕೆಜಿಗೆ 10ರಿಂದ 12 ಗಂಟೆ ಬೇಕು. ಅಂದರೆ ಎರಡು ದಿನಕ್ಕೂ ಜಾಸ್ತಿ. ಆರು ಜನರ ಹಾಲು, ಮೊಟ್ಟೆ, ಡಬ್ಬಿಗಳ ನಡುವೆ ಅಷ್ಟು ಜಾಗ ಯಾರು ಬಿಡುತ್ತಾರೆ? ಹಬ್ಬದ ಮಧ್ಯಾಹ್ನ ನೋಡಿದರೆ ಒಳಗೆ ಇನ್ನೂ ಐಸ್. ರಾತ್ರಿ ಎಂಟಕ್ಕೆ ಊಟ. ಎದೆಯ ಮಾಂಸ ಒಣಗಿ ನಾರಾಗಿತ್ತು, ತೊಡೆ ಇನ್ನೂ ಕೆಂಪಗಿತ್ತು. ಓವನ್ ಪೂರ್ತಿ ಟರ್ಕಿಯದೇ ಆದ್ದರಿಂದ ಆಲೂಗಡ್ಡೆ ಮೈಕ್ರೋವೇವ್‌ನಲ್ಲಿ ಬೆಂದಿತ್ತು.

ಹಾಗಾಗಿ ಈ ಸಲ ನಾನು ಓವನ್‌ನಿಂದಲೇ ಲೆಕ್ಕ ಶುರು ಮಾಡಿದೆ. ಬಾಡಿಗೆ ಮನೆಗಳ ಓವನ್ ಗೊತ್ತಲ್ಲ. ಗುಂಡಿ ಒಂದು ಹೇಳುತ್ತದೆ, ಒಳಗೆ ಇನ್ನೊಂದು ಇರುತ್ತದೆ. ಐದು ಪೌಂಡ್ ಕೊಟ್ಟು ಒಳಗೆ ತೂಗುಹಾಕುವ ಥರ್ಮಾಮೀಟರ್ ತಂದೆ. ಗುಂಡಿ 200ಕ್ಕಿಟ್ಟರೆ ಒಳಗೆ 175 ಡಿಗ್ರಿ! ಮೇಲಾಗಿ ಬಲಗಡೆ ಹಿಂದಿನ ಮೂಲೆ ಮಾತ್ರ ಕರಟುತ್ತಿತ್ತು. ನವೆಂಬರ್ ಪೂರ್ತಿ ಕೋಳಿ ಕಾಲು ತಂದು ಪರೀಕ್ಷೆ ಮಾಡಿದೆ. ಮೊದಲ ಕೆಲವು ಹಸಿಹಸಿ, ಆಮೇಲಿನವು ಒಣಕಲು. ಹತ್ತು ಹನ್ನೆರಡು ಪೌಂಡ್ ಅದಕ್ಕೇ ಹೋಯಿತು. ಆದರೆ ಆ ಓವನ್ ನನ್ನಷ್ಟು ಗೊತ್ತಿರುವವರು ಈಗ ಈ ಬೀದಿಯಲ್ಲೇ ಇಲ್ಲ.

ಕೋಳಿ ತಂದದ್ದು ಹಲಾಲ್ ಅಂಗಡಿಯಿಂದ. ಮನೆಯಲ್ಲಿ ಇಬ್ಬರು ಮಲೇಷ್ಯಾದವರು, ಎರಡು ಥರದ ಮಾಂಸ ಯಾಕೆ ಬೇಕು? ಒಂದೊಂದು ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ, ಎರಡಕ್ಕೂ ಸೇರಿ ಹದಿಮೂರು ಪೌಂಡ್ ಇರಬೇಕು. ಬೆನ್ನುಮೂಳೆ ಕತ್ತರಿಸಿ ತೆಗೆದು, ಎದೆ ಒತ್ತಿ ಚಪ್ಪಟೆ ಮಾಡಿಸಿಕೊಂಡೆ. ಆ ಮೂಳೆಯನ್ನೂ ಕೇಳಿ ತೆಗೆದುಕೊಳ್ಳಿ, ಗ್ರೇವಿಯ ಜೀವ ಅದೇ. ಹಿಂದಿನ ರಾತ್ರಿ ಎರಡಕ್ಕೂ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಟ್ಟೆ. ಜಾಗಕ್ಕಾಗಿ ಬಿಯರ್, ಕೋಕ್ ಎಲ್ಲ ಹಿತ್ತಿಲ ಮೆಟ್ಟಿಲಿಗೆ ಹೋಯಿತು. ಹೊರಗಿನ ಚಳಿಗೆ ಅವು ಫ್ರಿಜ್‌ನಲ್ಲಿದ್ದ ಹಾಗೇ ಇದ್ದವು. ಬೆಳಗ್ಗೆ ಮುಟ್ಟಿದರೆ ಕೋಳಿಯ ಚರ್ಮ ಒಣಗಿ ಬಿಗಿಯಾಗಿತ್ತು, ಕಾಗದದಷ್ಟು ತೆಳುವಾಗಿ ಕಾಣುತ್ತಿತ್ತು. ಹಾಗಾಗಿದ್ದರೆ ಮಾತ್ರ ಗರಿಗರಿ ಬರುತ್ತದೆ.

ಇನ್ನು ಅಸಲು ವಿಷಯ. ಒಂದು ಗಂಟೆಗೆ ಎರಡೂ ಕೋಳಿ ಒಂದೇ ದೊಡ್ಡ ಟ್ರೇಯಲ್ಲಿ ಒಳಗೆ. ಚಪ್ಪಟೆಯಾದ್ದರಿಂದ ಮುಕ್ಕಾಲು ಗಂಟೆ, ಐವತ್ತು ನಿಮಿಷಕ್ಕೆ ಆಯಿತು. ತೊಡೆಯ ದಪ್ಪ ಜಾಗಕ್ಕೆ ಕಡ್ಡಿ ಥರ್ಮಾಮೀಟರ್ ಚುಚ್ಚಿ 75 ಡಿಗ್ರಿ ದಾಟಿದ್ದು ನೋಡಿಯೇ ಹೊರಗೆ ತೆಗೆದೆ. ಫಾಯಿಲ್ ಹೊದಿಸಿ, ಮೇಲೆ ಎರಡು ಟವೆಲ್. ‘ಊಟದ ಹೊತ್ತಿಗೆ ತಣ್ಣಗಾಗುತ್ತೆ’ ಅಂತ ಎಲ್ಲರೂ ಶುರು ಮಾಡಿದರು. ಆಗಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೂ ಕತ್ತರಿಸುವಾಗ ಹಬೆ ಬರುತ್ತಿತ್ತು, ರಸ ಎಲ್ಲ ಮಾಂಸದಲ್ಲೇ ಉಳಿದಿತ್ತು. ಅಷ್ಟು ಹೊತ್ತು ಓವನ್ ಖಾಲಿ, ಅದೇ ನನಗೆ ಬೇಕಾಗಿದ್ದು. ಉರಿ 220ಕ್ಕೆ ಏರಿಸಿ ಆಲೂಗಡ್ಡೆ ಹಾಕಿದೆ.

ಆಲೂಗಡ್ಡೆಗೆ ಮಾರಿಸ್ ಪೈಪರ್ ಜಾತಿಯೇ ಆಗಬೇಕು. ಬೇಯಿಸುವ ನೀರಿಗೆ ಚಿಟಿಕೆ ಅಡುಗೆ ಸೋಡ, ಬಸಿದ ಮೇಲೆ ಪಾತ್ರೆ ಕುಲುಕಿ ಅಂಚು ಒರಟು ಮಾಡಬೇಕು. ಇದು ಎಲ್ಲರಿಗೂ ಗೊತ್ತು. ನಾನು ಅದರ ಮೇಲೆ ಎರಡು ಚಮಚ ಚಿರೋಟಿ ರವೆ ಉದುರಿಸಿದೆ. ಉಪ್ಪಿಟ್ಟು ರವೆಯಲ್ಲೂ ಮಾಡಿ ನೋಡಿದ್ದೆ, ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ, ಬೇಡ. ಟ್ರೇಯಲ್ಲಿ ಎಣ್ಣೆ ಮೊದಲೇ ಕಾದಿರಬೇಕು, ಹಾಕಿದ ಕೂಡಲೇ ಚುರ್ ಅನ್ನಬೇಕು. ಬಾತುಕೋಳಿ ಕೊಬ್ಬು ಬೇಡ, ಸೂರ್ಯಕಾಂತಿ ಎಣ್ಣೆ ಸಾಕು. ಗುಜರಾತಿ ಹುಡುಗಿಯೂ ತಿನ್ನಬೇಕಲ್ಲ.

ಅವಳು ಮಾಂಸ ತಿನ್ನಲ್ಲ, ಅವಳಿಗೆ ನಟ್ ರೋಸ್ಟ್ (ಮಾಂಸದ ಬದಲು ಬೀಜಗಳನ್ನು ಅರೆದು ಬೇಯಿಸಿದ್ದು) ತರೋಣ ಅಂತ ಉಳಿದವರ ಸಲಹೆ. ಒಂದು ತಂದು ರುಚಿ ನೋಡಿದೆವು, ನಾಲ್ಕು ಪೌಂಡ್ ದಂಡ. ಕೊನೆಗೆ ಅಣಬೆ ಮತ್ತು ಚೆಸ್ಟ್‌ನಟ್ ಸೇರಿಸಿ ಮೆಣಸು-ಜೀರಿಗೆಯ ಒಣ ಪಲ್ಯ ಮಾಡಿ, ರೆಡಿಮೇಡ್ ಪಫ್ ಪೇಸ್ಟ್ರಿಯಲ್ಲಿ ಮಡಚಿದೆ. ನಮ್ಮ ಅಯ್ಯಂಗಾರ್ ಬೇಕರಿ ಪಫ್ಸೇ, ಏರ್ ಫ್ರೈಯರ್‌ನಲ್ಲಿ ಬೆಂದವು. ನೈಜೀರಿಯಾದ ಹುಡುಗಿ ಕೋಳಿ ಬಿಟ್ಟು ಅದನ್ನೇ ಎರಡು ತಿಂದಳು. ಬ್ರಸೆಲ್ಸ್ ಸ್ಪ್ರೌಟ್ಸ್ ಕೂಡ ನೀರಲ್ಲಿ ಬೇಯಿಸಬೇಡಿ. ಅರ್ಧ ಸೀಳಿ ಬಾಣಲೆಯಲ್ಲಿ ದೊಡ್ಡ ಉರಿಗೆ ಹಾಕಿ, ಸಾಸಿವೆ, ಕರಿಬೇವು, ಕಾಯಿತುರಿ ಒಗ್ಗರಣೆ. ಎಲೆಕೋಸಿನ ಪಲ್ಯ ಬಲ್ಲವರಿಗೆ ಮುಂದೆ ಹೇಳಬೇಕಿಲ್ಲ. ಯಾರ್ಕ್‌ಷೈರ್ ಪುಡಿಂಗ್ (ಸಿಹಿಯಲ್ಲ, ಮೈದಾ-ಮೊಟ್ಟೆ-ಹಾಲಿನ ಹಿಟ್ಟು ಓವನ್‌ನಲ್ಲಿ ಉಬ್ಬಿ ಆಗುವುದು) ಆ ಯಾರ್ಕ್‌ಷೈರ್ ಹುಡುಗನಿಗೇ ಬಿಟ್ಟೆ. ಎರಡೂವರೆಗೆ ಆಲೂಗಡ್ಡೆ ತಿರುವಿದ ಕೂಡಲೇ ಅವನ ಟ್ರೇ ಮೇಲಿನ ಅಂತಸ್ತಿಗೆ. ಅಲ್ಲಿಂದ ಇಪ್ಪತ್ತು ನಿಮಿಷ ಬಾಗಿಲು ಮುಟ್ಟಬಾರದು, ಮುಟ್ಟಿದರೆ ಕುಸಿಯುತ್ತವೆ.

ಗ್ರೇವಿ ಹಿಂದಿನ ದಿನವೇ ಆಗಿತ್ತು. ಬೆನ್ನುಮೂಳೆ, ರೆಕ್ಕೆ ತುದಿ, ಈರುಳ್ಳಿ, ಕ್ಯಾರೆಟ್ ಹುರಿದು ಎರಡು ಗಂಟೆ ಕುದಿಸಿ ಸೋಸಿದ್ದು. ಕೋಳಿ ಟ್ರೇಯ ರಸವನ್ನು ಕೊನೆಗೆ ಸೇರಿಸಿದೆ. ಇಳಿಸುವಾಗ ಅಮ್ಮ ಕಳಿಸಿದ ಡಬ್ಬಿಯಿಂದ ಅರ್ಧ ಚಮಚ ಒಂದು ಪುಡಿ. ಯಾವ ಪುಡಿ ಅಂತ ಮನೆಯವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಕ್ರಿಸ್‌ಮಸ್ ಪುಡಿಂಗ್ ಬೇರೆಯದೇ ಪ್ರಯೋಗ. ಅಂಗಡಿಯವುಗಳಲ್ಲಿ ಬಹಳಷ್ಟಕ್ಕೆ ಬ್ರಾಂದಿ ಇರುತ್ತದೆ. ಅದಕ್ಕೆ ಕಿತ್ತಳೆ ರಸದಲ್ಲಿ ಒಣದ್ರಾಕ್ಷಿ ನೆನೆಸಿ, ವೆಜಿಟೆಬಲ್ ಸೂಯೆಟ್ (ಪ್ರಾಣಿ ಕೊಬ್ಬಿನ ಬದಲು ಬಳಸುವ ಗಟ್ಟಿ ಸಸ್ಯಕೊಬ್ಬು) ಹಾಕಿ ಮನೆಯಲ್ಲೇ ಮಾಡಿದೆ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ಗಂಟೆ ಹಬೆ. ಮೊದಲನೆಯದರ ಫಾಯಿಲ್ ಸಡಿಲಾಗಿ ನೀರು ನುಗ್ಗಿ ಗಂಜಿಯಾಯಿತು. ಎರಡನೆಯದಕ್ಕೆ ಬೆಣ್ಣೆ ಕಾಗದ, ಫಾಯಿಲ್ ಎರಡಕ್ಕೂ ನಡುವೆ ಒಂದು ಮಡಿಕೆ ಬಿಟ್ಟು, ಕಂಠಕ್ಕೆ ದಾರ ಬಿಗಿದೆ. ಒಳ್ಳೆ ಕರಿಬೆಲ್ಲದ ಬಣ್ಣಕ್ಕೆ ತಿರುಗಿ ಅಚ್ಚಿನಿಂದ ಇಡಿಯಾಗಿ ಜಾರಿತು.

ದುಡ್ಡಿನ ಮಾತು. ಆರು ಜನಕ್ಕೆ ಒಟ್ಟು ನಲವತ್ತೈದು ಪೌಂಡ್ ಆಸುಪಾಸು, ತಲೆಗೆ ಏಳೂವರೆ. ಪ್ರಯೋಗದ ಖರ್ಚು ನಾನೇ ಹಾಕಿಕೊಂಡೆ. ತರಕಾರಿ ಮೊದಲೇ ತರಬೇಡಿ. ಹಬ್ಬಕ್ಕೆ ಒಂದು ವಾರ ಇರುವಾಗ ಸೂಪರ್‌ಮಾರ್ಕೆಟ್‌ಗಳು ಪೈಪೋಟಿಗೆ ಬಿದ್ದು ಕ್ಯಾರೆಟ್, ಪಾರ್ಸ್‌ನಿಪ್, ಸ್ಪ್ರೌಟ್ಸ್, ಆಲೂಗಡ್ಡೆ ಚೀಲಗಳನ್ನು ಇಪ್ಪತ್ತು ಪೆನ್ನಿಗೂ ಕಮ್ಮಿಗೆ ಕೊಡುತ್ತವೆ. ತರಕಾರಿ ಪೂರ್ತಿ ಒಂದೂವರೆ ಪೌಂಡ್ ದಾಟಲಿಲ್ಲ. ಆದರೆ 24ರ ಸಂಜೆಯೊಳಗೆ ಪಟ್ಟಿ ಮುಗಿಸಲೇಬೇಕು. 2004ರ ಕಾಯ್ದೆ ಪ್ರಕಾರ ಇಲ್ಲಿ ದೊಡ್ಡ ಅಂಗಡಿಗಳು 25ಕ್ಕೆ ತೆರೆಯುವಂತಿಲ್ಲ, ರೈಲೂ ಇರಲ್ಲ. ಫಾಯಿಲ್ ಖಾಲಿಯಾದರೆ ಮೂಲೆಯ ಚಿಕ್ಕ ಅಂಗಡಿಯೇ ಗತಿ, ಅಲ್ಲಿ ಎರಡು ಪಟ್ಟು ರೇಟು.

ಉಳಿದ ಮೂಳೆಗಳನ್ನು ಮಾರನೆ ದಿನ ಕುದಿಸಿ ಮೆಣಸಿನ ಸಾರು ಮಾಡಿದೆ, ಯಾರ್ಕ್‌ಷೈರ್ ಹುಡುಗ ಫ್ಲಾಸ್ಕ್‌ನಲ್ಲಿ ತುಂಬಿಕೊಂಡು ಶಿಫ್ಟ್‌ಗೆ ಹೋದ. ನಿಮ್ಮ ಮನೆಯಲ್ಲಿ ಎಂಟು ಜನ ಇದ್ದರೆ ಮೂರನೇ ಕೋಳಿ ತರಬೇಡಿ, ಇಂಥ ಓವನ್‌ನಲ್ಲಿ ಹಿಡಿಯಲ್ಲ. ಎರಡು ಕೋಳಿ ಜೊತೆಗೆ ನಾಲ್ಕು ಬಿಡಿ ಕಾಲು ತನ್ನಿ, ಟ್ರೇಯ ಅಂಚಲ್ಲಿ ತುರುಕಿದರೆ ಅದೇ ಹೊತ್ತಿಗೆ ಬೇಯುತ್ತವೆ.